ಸೂರ್ಯನ ಚಿತ್ರವಿರುವ ಕೀಲಿ

ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡವರಲ್ಲಿ ಬಹಳ ಮಂದಿ ಒಮ್ಮೆಯಾದರೂ ಕಂಡಿರುವ ವಿಚಿತ್ರ ಇದು. ಅಕ್ಷರಗಳೆಲ್ಲ ಸರಿಯಾಗಿ ಮೂಡುತ್ತವೆ. ಸ್ಪೀಕರ್ ಚಿತ್ರದ ಕೀಲಿ ಒತ್ತಿದರೆ ಸದ್ದು ಏರುತ್ತದೆ, ಇಳಿಯುತ್ತದೆ. ಅದೇ ಸಾಲಿನಲ್ಲಿ ಸ್ವಲ್ಪ ಆಚೆಗೆ ಸೂರ್ಯನ ಚಿತ್ರವಿರುವ ಕೀಲಿ ಇದೆ. ಅದನ್ನು ಒತ್ತಿದರೆ ಪರದೆಯ ಬೆಳಕು ಹೆಚ್ಚಬೇಕು. ಹೆಚ್ಚುವುದಿಲ್ಲ. ಕೆಲವು ಯಂತ್ರಗಳಲ್ಲಿ ಇನ್ನೂ ಒಂದು ತಮಾಷೆ ನಡೆಯುತ್ತದೆ. ಪರದೆಯ ಮೇಲೆ ಬೆಳಕಿನ ಪಟ್ಟಿ ಮೂಡಿ, ಒಂದೊಂದೇ ಹೆಜ್ಜೆ ಮೇಲೇರಿ, ತುದಿಯನ್ನೂ ಮುಟ್ಟುತ್ತದೆ. ಪರದೆ ಮಾತ್ರ ಮೊದಲಿದ್ದಷ್ಟೇ ಮಂಕು.

ವಿಂಡೋಸ್ ಇದ್ದಾಗ ಎಲ್ಲ ಸರಿಯಿತ್ತು, ಹಾಗಾಗಿ ಕೀಲಿ ಕೆಟ್ಟಿಲ್ಲ. ಗೊತ್ತಿದ್ದವರನ್ನು ಕೇಳಿದರೆ ಆ ಕಡತದಲ್ಲಿ ಈ ಸಾಲು ಸೇರಿಸಿ ರೀಸ್ಟಾರ್ಟ್ ಮಾಡಿ ಎನ್ನುತ್ತಾರೆ. ಒಬ್ಬರಿಗೆ ಫಲಿಸಿದ ಸಾಲು ಇನ್ನೊಬ್ಬರಿಗೆ ಫಲಿಸುವುದಿಲ್ಲ, ಏಕೆ ಫಲಿಸಲಿಲ್ಲ ಎಂಬುದು ಹೇಳಿದವರಿಗೂ ಗೊತ್ತಿರುವುದಿಲ್ಲ. ಮೇಲಿನ ಸಾಲಿನಲ್ಲಿ ಅಕ್ಕಪಕ್ಕ ಕೂತ ಎಫ್1ರಿಂದ ಎಫ್12ರ ತನಕದ ಹನ್ನೆರಡು ಕೀಲಿಗಳು ಒಂದೇ ಬಗೆಯವು ಎಂದು ನಾವು ನಂಬಿರುವುದೇ ಗೊಂದಲದ ಮೂಲ. ಒಳಗೆ ಅವು ಬೇರೆ ಬೇರೆ ದಾರಿ ಹಿಡಿದು ಹೋಗುತ್ತವೆ. ಯಾವ ಕೀಲಿ ಯಾವ ದಾರಿಯಲ್ಲಿ ಹೋಯಿತು, ಎಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ಕೀಲಿಯೊಳಗೆ ಅಕ್ಷರವಿಲ್ಲ

ಕೀಲಿಮಣೆಯ ಮೇಲ್ಪದರ ಎತ್ತಿದರೆ ಕೆಳಗೆ ಸಿಗುವುದು ತೆಳುವಾದ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಎಳೆದ ಲೋಹದ ಗೆರೆಗಳು. ಎಂಬತ್ತು ಕೀಲಿಗಳಿಗೆ ಎಂಬತ್ತು ತಂತಿ ಎಳೆಯುವುದು ದಂಡ. 8 ಅಡ್ಡಗೆರೆ, 16 ಉದ್ದಗೆರೆ ಇದ್ದರೆ 128 ಕೂಡುಗಳು ಸಿಗುತ್ತವೆ, ತಂತಿ 24 ಸಾಕು. ಕೀಲಿ ಒತ್ತಿದಾಗ ಒಂದು ಅಡ್ಡಗೆರೆ ಒಂದು ಉದ್ದಗೆರೆಯನ್ನು ಮುಟ್ಟುತ್ತದೆ, ಅಷ್ಟೇ. ಒಂದು ಪುಟ್ಟ ಚಿಪ್ ಈ ಗೆರೆಗಳನ್ನು ಸರದಿಯಂತೆ ಎಡೆಬಿಡದೆ ತಡವಿ ನೋಡುತ್ತಿರುತ್ತದೆ. ಮುಟ್ಟಿದ ಕೂಡು ಸಿಕ್ಕ ಕೂಡಲೇ ಅದಕ್ಕೆ ಗೊತ್ತುಮಾಡಿದ ಸಂಖ್ಯೆಯೊಂದನ್ನು ಮೇಲಕ್ಕೆ ಕಳಿಸುತ್ತದೆ. ಎಂಜಿನಿಯರುಗಳು ಸ್ಕ್ಯಾನ್‌ಕೋಡ್ ಎನ್ನುವ ಈ ಸಂಖ್ಯೆಯನ್ನು ನಾವು ಒತ್ತುಸಂಖ್ಯೆ ಎನ್ನೋಣ. ‘ಜೆ’ ಕೀಲಿಯ ಒತ್ತುಸಂಖ್ಯೆ 36. ಬೆರಳು ಎತ್ತಿದಾಗ ಅದಕ್ಕೆ 128 ಕೂಡಿ 164 ಹೋಗುತ್ತದೆ. ಒತ್ತಿದ್ದೂ ಸುದ್ದಿ, ಬಿಟ್ಟದ್ದೂ ಸುದ್ದಿ. ಬಿಟ್ಟ ಸುದ್ದಿ ಬರದೇ ಹೋದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಬಸ್ಸಿನ ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಸೀಟಿಯ ಸದ್ದನ್ನು ಎಷ್ಟು ಸೀಳಿ ನೋಡಿದರೂ ಒಳಗೆ ‘ನಿಲ್ಲಿಸು’ ಎಂಬ ಮಾತು ಸಿಗುವುದಿಲ್ಲ. ಅದು ಚಾಲಕನ ತಲೆಯಲ್ಲಿದೆ. ಕಂಡಕ್ಟರ್ ಒಂದು ದಿನ ಐದು ಸಲ ಊದಿದನೆನ್ನಿ. ಚಾಲಕನಿಗೆ ಕೇಳಿಸುತ್ತದೆ, ಏನು ಮಾಡಬೇಕೆಂದು ತೋಚುವುದಿಲ್ಲ. ಇನ್ನೊಂದು ದಿನ ಗದ್ದಲದಲ್ಲಿ ಸೀಟಿಯೇ ಮುಂದಕ್ಕೆ ತಲುಪಲಿಲ್ಲ. ಮತ್ತೊಂದು ದಿನ ಸೀಟಿ ಕೇಳಿಸಿತು, ಅರ್ಥವೂ ಆಯಿತು, ಚಾಲಕ ಬ್ರೇಕೂ ಒತ್ತಿದ, ಬ್ರೇಕ್ ಹಿಡಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತವರಿಗೆ ಮೂರು ದಿನವೂ ಕಾಣುವುದು ಒಂದೇ: ಬಸ್ಸು ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ವಿಶೇಷ ಕೀಲಿಗಳ ತಾಪತ್ರಯವೆಲ್ಲ ಈ ಮೂರರಲ್ಲಿ ಒಂದು.

ಕೀಲಿಯಲ್ಲಿ ಅಕ್ಷರವಿಲ್ಲ ಎಂಬುದು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಗೊತ್ತಿರುವ ಸಂಗತಿಯೇ. ಅದೇ 36 ಇಂಗ್ಲಿಷಿನಲ್ಲಿ ‘ಜೆ’. ಸರ್ಕಾರ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸ ಆರಿಸಿಕೊಂಡರೆ ಅದೇ 36 ‘ರ’ ಆಗುತ್ತದೆ. ಕೆ.ಪಿ. ರಾಯರ ವಿನ್ಯಾಸದ ಮೇಲೆ ನಿಂತ ಕಗಪ ಆರಿಸಿಕೊಂಡರೆ ‘ಜ’. ಕೀಲಿಮಣೆಗೆ ಈ ಬದಲಾವಣೆಯ ಸುಳಿವೂ ಇರುವುದಿಲ್ಲ. ಲಿನಕ್ಸಿನಲ್ಲಿ ಈ ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ. ಕರ್ನೆಲ್, ಅಂದರೆ ಲಿನಕ್ಸಿನ ತಿರುಳು, ಬಂದ ಒತ್ತುಸಂಖ್ಯೆಯನ್ನು ತನ್ನದೇ ಪಟ್ಟಿಯ ಗುರುತುಸಂಖ್ಯೆಗೆ ಬದಲಿಸುತ್ತದೆ. ಅದರ ಮೇಲೆ, ಕಿಟಕಿ-ಮೆನುಗಳನ್ನು ನೋಡಿಕೊಳ್ಳುವ ಪದರ ಆ ಸಂಖ್ಯೆಗೆ ಹೆಸರು ಕೊಡುತ್ತದೆ: ‘ರ’, ‘ಜ’, ‘ಸದ್ದು ಏರಿಸು’. ಕೊನೆಗೆ ಹೆಸರನ್ನು ನೋಡಿ ಯಾವುದೋ ಒಂದು ಪ್ರೋಗ್ರಾಮ್ ಕೆಲಸ ಮಾಡುತ್ತದೆ. ಕರ್ನೆಲಿನ ಪಟ್ಟಿಯಲ್ಲಿ ಸದ್ದು ಅಡಗಿಸುವುದು 113, ಬೆಳಕು ಹೆಚ್ಚಿಸುವುದು 225. ಪರದೆಗೆ ಬೀಗ ಹಾಕುವ 152ರ ಹೆಸರು ಆ ಪಟ್ಟಿಯಲ್ಲಿ ಇವತ್ತಿಗೂ ‘ಕಾಫಿ’ ಎಂದೇ ಇದೆ. ಎದ್ದು ಹೋಗುವಾಗ ಒತ್ತುವ ಕೀಲಿಗೆ ಬರೆದವರು ಇಟ್ಟ ಹೆಸರು, ಯಾರೂ ತೆಗೆದಿಲ್ಲ.

ಎಫ್‌ಎನ್ ಏಕೆ ಮಾತಾಡುವುದಿಲ್ಲ

ಗೆರೆಗಳನ್ನು ತಡವುವ ಆ ಪುಟ್ಟ ಚಿಪ್ಪಿಗೆ ಎಂಬೆಡೆಡ್ ಕಂಟ್ರೋಲರ್ ಎಂದು ಹೆಸರು. ನಾನು ಅದನ್ನು ಕಾವಲು ಚಿಪ್ ಎನ್ನುತ್ತೇನೆ, ಏಕೆಂದರೆ ಲ್ಯಾಪ್‌ಟಾಪ್ ಆರಿಸಿದ ಮೇಲೂ ಇದು ಎಚ್ಚರ. ಪವರ್ ಗುಂಡಿ ಒತ್ತಿದ್ದು ಮೊದಲು ತಿಳಿಯುವುದು ಇದಕ್ಕೆ. ಬ್ಯಾಟರಿ ತುಂಬಿಸುವುದು, ಫ್ಯಾನು ತಿರುಗಿಸುವುದು, ಮುಚ್ಚಳ ಮುಚ್ಚಿದೆಯೇ ನೋಡುವುದು, ಎಲ್ಲ ಇದರ ಪಾಲಿಗೆ. ಇಂಥ ಹಲವು ಚಿಪ್ಪುಗಳ ಹೊಟ್ಟೆಯಲ್ಲಿ ಇಂಟೆಲ್ 1980ರಲ್ಲಿ ಹೊರತಂದ 8051 ಎಂಬ ಪುಟ್ಟ ಪ್ರೊಸೆಸರಿನ ಸಂತತಿಯೇ ಇದೆ. ಇದರಲ್ಲಿ ಓಡುವ ತಂತ್ರಾಂಶ ಲಿನಕ್ಸಿನದೂ ಅಲ್ಲ, ವಿಂಡೋಸಿನದೂ ಅಲ್ಲ. ಲ್ಯಾಪ್‌ಟಾಪ್ ಕಂಪನಿ ತುಂಬಿ ಕಳಿಸಿದ್ದು.

ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಲಿಗಳಿಗೆ ತಮ್ಮತಮ್ಮ ಒತ್ತುಸಂಖ್ಯೆ ಇದೆ. ಚಿತ್ರಗಳ ಕೆಲಸಕ್ಕಾಗಿ ಜತೆಗೆ ಹಿಡಿದುಕೊಳ್ಳುವ ಎಫ್‌ಎನ್ ಕೀಲಿಗೆ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಇಲ್ಲ. ಅದನ್ನು ಒತ್ತಿದ ಸುದ್ದಿ ಕಾವಲು ಚಿಪ್ಪಿನಲ್ಲೇ ಉಳಿಯುತ್ತದೆ. ಎಫ್‌ಎನ್ ಜತೆಗೆ ಎಫ್6 ಒತ್ತಿದರೆ ಯಾವ ಸುದ್ದಿ ಕಳಿಸಬೇಕು, ಯಾರಿಗೆ ಕಳಿಸಬೇಕು ಎಂದು ಚಿಪ್ಪೇ ತೀರ್ಮಾನಿಸುತ್ತದೆ. ಆದ್ದರಿಂದ ‘ಎಫ್‌ಎನ್ ಮತ್ತು ಕಂಟ್ರೋಲ್ ಕೀಲಿಗಳ ಜಾಗ ಅದಲುಬದಲು ಮಾಡುವುದು ಹೇಗೆ’ ಎಂಬ ಪ್ರಶ್ನೆಗೆ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಉತ್ತರವಿಲ್ಲ. ಕಂಪನಿ ಕೃಪೆಮಾಡಿ ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ, ಅದಕ್ಕೊಂದು ಆಯ್ಕೆ ಇಟ್ಟಿದ್ದರೆ ಉಂಟು. ಸುಮ್ಮನೆ ಎಫ್6 ಒತ್ತಿದರೆ ಎಫ್6 ಬರಬೇಕೋ ಬೆಳಕು ಹೆಚ್ಚಬೇಕೋ ಎಂಬ ಆಯ್ಕೆಯೂ ಬಹಳ ಕಡೆ ಬಯಾಸ್‌ನಲ್ಲೇ ಇರುತ್ತದೆ. ಕೆಲವು ಮಾದರಿಗಳಲ್ಲಿ ಎಫ್‌ಎನ್ ಹಿಡಿದು ಎಸ್ಕೇಪ್ ಒತ್ತಿದರೂ ಬದಲಾಗುತ್ತದೆ. ಬೇರೆಲ್ಲ ಸಾಹಸಕ್ಕೂ ಮೊದಲು ಇದನ್ನು ನೋಡಿಬಿಡುವುದು ಒಳ್ಳೆಯದು.

ಆ್ಯಪಲ್ ಇಲ್ಲಿ ಬೇರೆ. ಅದರ ಕೀಲಿಮಣೆಗಳಲ್ಲಿ ಎಫ್‌ಎನ್ ಒತ್ತಿದ ಸುದ್ದಿಯೂ ಮೇಲಕ್ಕೆ ಹೋಗುತ್ತದೆ, ತೀರ್ಮಾನ ಆಪರೇಟಿಂಗ್ ಸಿಸ್ಟಮಿನದು. ಹೀಗಾಗಿ ಲಿನಕ್ಸಿನ ಆ್ಯಪಲ್ ಡ್ರೈವರಿನಲ್ಲಿ ಒಂದು ಅಂಕಿ ಬದಲಿಸಿದರೆ ಇಡೀ ಮೇಲಿನ ಸಾಲಿನ ಅರ್ಥ ಬದಲಾಗುತ್ತದೆ: 1 ಇದ್ದರೆ ಚಿತ್ರಗಳ ಕೆಲಸ ಮೊದಲು, 2 ಇದ್ದರೆ ಎಫ್1, ಎಫ್2 ಮೊದಲು. ಕೀಕ್ರಾನ್ ಕಂಪನಿಯ ಹಲವು ಕೀಲಿಮಣೆಗಳು ತಾವು ಆ್ಯಪಲ್‌ನವು ಎಂದೇ ಹೇಳಿಕೊಳ್ಳುವುದರಿಂದ ಅವುಗಳ ಎಫ್ ಕೀಲಿಗಳು ಮುಷ್ಕರ ಹೂಡಿದಾಗಲೂ ಮದ್ದು ಇದೇ ಅಂಕಿ. ಸುಳ್ಳು ಗುರುತು ಹೇಳಿಕೊಳ್ಳುವುದು ಈ ಲೋಕದಲ್ಲಿ ಮಾಮೂಲು. ಲಿನಕ್ಸೂ ಹಾಗೆ ಹೇಳಿಕೊಳ್ಳುತ್ತದೆ. ಆ ಕತೆ ಬರಲಿದೆ.

1984ರ ದಾರಿ

ಐಬಿಎಂ 1984ರಲ್ಲಿ ಪಿಸಿ ಎಟಿ ಎಂಬ ಕಂಪ್ಯೂಟರ್ ತಂದಾಗ ಕೀಲಿಮಣೆಯ ಸುದ್ದಿ ತೆಗೆದುಕೊಳ್ಳಲು ಇಂಟೆಲಿನ 8042 ಎಂಬ ಚಿಪ್ ಇಟ್ಟಿತು. ಪ್ರೊಸೆಸರು ಅದರ ಹತ್ತಿರ ಸುದ್ದಿ ಕೇಳುವ ವಿಳಾಸ 96. ಆ ಚಿಪ್ ಮಾರುಕಟ್ಟೆಯಿಂದ ಮರೆಯಾಗಿ ಎಷ್ಟೋ ಕಾಲವಾಯಿತು. ಆದರೂ ಇವತ್ತಿನ ಹೆಚ್ಚಿನ ಲ್ಯಾಪ್‌ಟಾಪುಗಳ ಕಾವಲು ಚಿಪ್ ತಾನೇ 8042 ಎಂದು ನಟಿಸುತ್ತ ಅದೇ 96ನೇ ವಿಳಾಸದಲ್ಲಿ ಕೂತಿದೆ. ಕೀಲಿಮಣೆ ಎಂದರೆ ಅಲ್ಲಿ ಸಿಗುತ್ತದೆ ಎಂದು ಎಲ್ಲ ತಂತ್ರಾಂಶಗಳೂ ನಂಬಿದ್ದರಿಂದ ವಿಳಾಸ ಬದಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಅಕ್ಷರಗಳು ಬರುವುದು ಈ ಹಳೆಯ ದಾರಿಯಲ್ಲಿ. ಸದ್ದಿನ ಕೀಲಿಗಳೂ ಹೆಚ್ಚಾಗಿ ಇಲ್ಲೇ ಬರುತ್ತವೆ. ಎಟಿ ಕಾಲದಲ್ಲಿ ಸದ್ದಿನ ಕೀಲಿ ಇರಲಿಲ್ಲ, ಹಾಗಾದರೆ ಸಂಖ್ಯೆ ಎಲ್ಲಿಂದ ಬಂತು? ಮೊದಲು 224 ಎಂಬ ಮುನ್ಸೂಚನೆ ಕಳಿಸಿ, ‘ಮುಂದೆ ಬರುವುದು ಬೇರೆ ಪಟ್ಟಿಯದು’ ಎಂದು ತಿಳಿಸುವ ಉಪಾಯ ಐಬಿಎಂ ಕಾಲದಲ್ಲೇ ಇತ್ತು. ಬರಿಯ 32 ಬಂದರೆ ಅದು ‘ಡಿ’ ಅಕ್ಷರ. 224 ಬಂದು ಆಮೇಲೆ 32 ಬಂದರೆ ಸದ್ದು ಅಡಗಿಸು. ಸದ್ದು ಇಳಿಸುವುದು 46, ಏರಿಸುವುದು 48, ಎರಡಕ್ಕೂ ಹಿಂದೆ 224. ಈ ಮೂರನ್ನು ಎಲ್ಲ ಕಂಪನಿಗಳೂ ಒಪ್ಪಿಕೊಂಡಿವೆ. ಕಂಪನಿ ಯಾವುದೇ ಇರಲಿ, ಲಿನಕ್ಸಿನಲ್ಲಿ ಮೊದಲ ದಿನದಿಂದ ಸದ್ದಿನ ಕೀಲಿ ನಡೆಯುವುದಕ್ಕೆ ಈ ಒಪ್ಪಿಗೆಯೇ ಕಾರಣ.

ಒಪ್ಪಿಗೆ ಇಲ್ಲದ ಕೀಲಿಗಳಲ್ಲಿ ತಕರಾರು. ಟಚ್‌ಪ್ಯಾಡ್ ಆರಿಸುವ ಕೀಲಿಗೆ ಒಂದು ಕಂಪನಿ 224ರ ಪಟ್ಟಿಯಲ್ಲಿ ಖಾಲಿ ಇದ್ದ ಒಂದು ಸಂಖ್ಯೆ ಹಿಡಿಯಿತು, ಇನ್ನೊಂದು ಬೇರೊಂದನ್ನು. ವಿಂಡೋಸಿಗೆ ಆಯಾ ಕಂಪನಿಯ ತಂತ್ರಾಂಶ ಜತೆಗೇ ಬರುವುದರಿಂದ ಅಲ್ಲಿ ತೊಂದರೆಯಿಲ್ಲ. ಲಿನಕ್ಸಿಗೆ ಐದು ಸೀಟಿ ಕೇಳಿಸಿದ ಹಾಗೆ. ಕರ್ನೆಲ್ ಮರ್ಯಾದೆಯಿಂದಲೇ ತನ್ನ ದಿನಚರಿಯಲ್ಲಿ ‘ಅಪರಿಚಿತ ಕೀಲಿ ಒತ್ತಲಾಗಿದೆ’ ಎಂದು ಸಂಖ್ಯೆಯ ಸಮೇತ ಬರೆದುಕೊಂಡು ಸುಮ್ಮನಾಗುತ್ತದೆ. ಆ ಸಾಲು ಕಂಡರೆ ಖುಷಿಪಡಬೇಕು. ಇರುವುದರಲ್ಲೇ ಸುಲಭದ ಕಾಯಿಲೆ ಅದು.

ಉಳಿದ ಎರಡು ದಾರಿ

ಸೂರ್ಯನ ಕೀಲಿ ಬಹಳ ಯಂತ್ರಗಳಲ್ಲಿ 96ನೇ ವಿಳಾಸದ ಕಡೆ ಸುಳಿಯುವುದೇ ಇಲ್ಲ. ಅದರ ದಾರಿ ಎಸಿಪಿಐ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಹೊರಡಿಸಿದ ಈ ಕಟ್ಟಳೆಯ ಪ್ರಕಾರ, ಬ್ಯಾಟರಿ, ಮುಚ್ಚಳ, ಬೆಳಕು ಇಂಥವನ್ನು ಹೇಗೆ ನಡೆಸಬೇಕೆಂಬ ಪುಟ್ಟ ಪ್ರೋಗ್ರಾಮುಗಳನ್ನು ಕಂಪನಿಯೇ ಬರೆದು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲಿ, ಅಂದರೆ ಅದರಲ್ಲೇ ಹುದುಗಿಸಿದ ತಂತ್ರಾಂಶದಲ್ಲಿ, ಇಟ್ಟಿರುತ್ತದೆ. ಆಪರೇಟಿಂಗ್ ಸಿಸ್ಟಮ್ ಅವನ್ನು ತಂದು ತಾನು ಓಡಿಸುತ್ತದೆ. ಯಾರೋ ಬರೆದ, ಯಾರಿಗೂ ತೋರಿಸದ ಪ್ರೋಗ್ರಾಮನ್ನು ಕರ್ನೆಲ್ ತನ್ನ ಮಡಿಲಲ್ಲಿ ಕೂರಿಸಿಕೊಂಡು ಓಡಿಸಬೇಕು. ನೆನೆದರೆ ಎದೆ ನಡುಗುವ ಏರ್ಪಾಡು, ಆದರೆ ಇರುವುದು ಹಾಗೆ.

ನಡೆಯುವ ಕ್ರಮ ಹೀಗೆ. ಎಫ್‌ಎನ್ ಜತೆ ಸೂರ್ಯನ ಕೀಲಿ ಒತ್ತಿದಿರಿ. ಕಾವಲು ಚಿಪ್ ‘ಏನೋ ನಡೆದಿದೆ’ ಎಂದಷ್ಟೇ ಕರ್ನೆಲಿಗೆ ಕೂಗುತ್ತದೆ. ಕರ್ನೆಲ್ ‘ಏನು ನಡೆಯಿತು’ ಎಂದು ಕೇಳುತ್ತದೆ. ಚಿಪ್ 1ರಿಂದ 255ರ ಒಳಗಿನ ಒಂದು ಸಂಖ್ಯೆ ಹೇಳುತ್ತದೆ. ಆ ಸಂಖ್ಯೆಯ ಹೆಸರು ಹೊತ್ತ ಪುಟ್ಟ ಪ್ರೋಗ್ರಾಮು ಫರ್ಮ್‌ವೇರಿನಲ್ಲಿ ಇರುತ್ತದೆ, ಕರ್ನೆಲ್ ಅದನ್ನು ಓಡಿಸುತ್ತದೆ. ಎಲ್ಲ ಕಟ್ಟಳೆಯಂತೆ ನಡೆದರೆ ಅದು ಪರದೆಯ ಲೆಕ್ಕಕ್ಕೆ 134 ಎಂಬ ಸೂಚನೆ ಬರೆಯುತ್ತದೆ: ಬೆಳಕು ಹೆಚ್ಚಿಸು. 135 ಆದರೆ ತಗ್ಗಿಸು. ಕರ್ನೆಲ್ ಅದನ್ನು ತನ್ನ 225ಕ್ಕೆ ಬದಲಿಸಿ, ಕೀಲಿಮಣೆಯಿಂದಲೇ ಬಂತೇನೋ ಎಂಬಂತೆ ಮೇಲಕ್ಕೆ ಕಳಿಸುತ್ತದೆ.

ಮೂರನೆಯ ದಾರಿ ಕಂಪನಿಯ ಸ್ವಂತದ್ದು. ಎಸಿಪಿಐ ಒಳಗೇ ಡಬ್ಲ್ಯುಎಂಐ ಎಂಬ ಕಿಂಡಿಯೊಂದನ್ನು ಮೈಕ್ರೋಸಾಫ್ಟ್ ರೂಪಿಸಿತು. ಅದರ ಮೂಲಕ ಕಂಪನಿಗಳು ತಮಗೆ ಬೇಕಾದ ಸಂಖ್ಯೆಗಳನ್ನು ತಮಗೆ ಬೇಕಾದಂತೆ ಕಳಿಸಿಕೊಳ್ಳಬಹುದು. ಅರ್ಥಕೋಶ ಇರುವುದು ಕಂಪನಿಯ ವಿಂಡೋಸ್ ತಂತ್ರಾಂಶದಲ್ಲಿ ಮಾತ್ರ. ಹೀಗಾಗಿ ಕರ್ನೆಲಿನಲ್ಲಿ ಏಸಸ್‌ಗೊಂದು, ಎಚ್‌ಪಿಗೊಂದು, ಡೆಲ್‌ಗೊಂದು, ಏಸರ್‌ಗೊಂದು, ತೋಷಿಬಾಗೊಂದು ಡ್ರೈವರ್ ಬೇಕಾಯಿತು. ಇವುಗಳಲ್ಲಿ ಎಷ್ಟನ್ನೋ ಬರೆದವರು ಆ ಕಂಪನಿಯವರಲ್ಲ. ಎಚ್‌ಪಿಯ ಡ್ರೈವರನ್ನು 2008ರಲ್ಲಿ ಬರೆದ ಮ್ಯಾಥ್ಯೂ ಗ್ಯಾರೆಟ್ ಆಗ ರೆಡ್ ಹ್ಯಾಟ್ ಎಂಬ ಲಿನಕ್ಸ್ ಕಂಪನಿಯಲ್ಲಿದ್ದವರು. ಫರ್ಮ್‌ವೇರಿನ ಪ್ರೋಗ್ರಾಮನ್ನು ಹೊರಕ್ಕೆ ಇಳಿಸಿ, ಓದಬಲ್ಲ ರೂಪಕ್ಕೆ ಬಿಡಿಸಿ, ಒಂದೊಂದೇ ಕೀಲಿ ಒತ್ತಿ ಯಾವ ಸಂಖ್ಯೆ ಹೊರಬೀಳುತ್ತದೆ ಎಂದು ನೋಡಿ ಪಟ್ಟಿ ಮಾಡುವ ಕೆಲಸ ಇದು. ಕೆಲವು ಯಂತ್ರಗಳಲ್ಲಿ ಅಷ್ಟೂ ಸಾಲದು. ಥಿಂಕ್‌ಪ್ಯಾಡುಗಳಲ್ಲಿ ‘ಇಂತಿಂಥ ಕೀಲಿಗಳ ಸುದ್ದಿ ನನಗೆ ಕೊಡು’ ಎಂದು ಡ್ರೈವರ್ ಮೊದಲೇ ಕೇಳಿಕೊಳ್ಳಬೇಕು. ಕೇಳದಿದ್ದರೆ ಫರ್ಮ್‌ವೇರು ತನಗೆ ತೋಚಿದ್ದನ್ನು ತಾನೇ ಮಾಡಿ ಮುಗಿಸಿ, ಮೇಲಿನವರಿಗೆ ಹೇಳುವುದೂ ಇಲ್ಲ.

ಒಂದೇ ಕೀಲಿ ಎರಡು ದಾರಿಯಲ್ಲೂ ಸುದ್ದಿ ಕಳಿಸುವುದುಂಟು. ಆಗ ಒಮ್ಮೆ ಒತ್ತಿದರೆ ಬೆಳಕು ಎರಡು ಮೆಟ್ಟಿಲು ಏರುತ್ತದೆ.

ವಿಂಡೋಸ್ ಎಂದು ಹೇಳಿಕೊಂಡದ್ದರ ಫಲ

ಈಗ ಮೊದಲಿನ ಒಗಟಿಗೆ ಬರೋಣ. ಪಟ್ಟಿ ಏರುತ್ತದೆ, ಬೆಳಕು ಏರುವುದಿಲ್ಲ. ಪಟ್ಟಿ ಏರಿತು ಎಂದರೆ ಸುದ್ದಿ ಕಾವಲು ಚಿಪ್ಪಿನಿಂದ ಹೊರಟು, ಕರ್ನೆಲ್ ದಾಟಿ, ಹೆಸರು ಪಡೆದು, ಕೊನೆಯ ಪ್ರೋಗ್ರಾಮಿಗೂ ತಲುಪಿದೆ. ಕೀಲಿ ನೂರಕ್ಕೆ ನೂರು ಸರಿ. ಬ್ರೇಕ್ ಹಿಡಿಯುತ್ತಿಲ್ಲ. ಇದು ಗೊತ್ತಿಲ್ಲದೆ ಕೀಲಿಯ ಸಂಖ್ಯೆಗಳನ್ನು ತಿದ್ದುತ್ತ ರಾತ್ರಿಯೆಲ್ಲ ಕೂರುವವರಿದ್ದಾರೆ.

ಬೆಳಕನ್ನು ಏರಿಸಲು ಎರಡು ಕೈಗಳಿವೆ. ಒಂದು, ಎಸಿಪಿಐ ಮೂಲಕ ಫರ್ಮ್‌ವೇರಿಗೆ ‘ಬೆಳಕು 70ಕ್ಕೆ ತಾ’ ಎಂದು ಹೇಳುವುದು. ಇನ್ನೊಂದು, ಪರದೆ ನಡೆಸುವ ಗ್ರಾಫಿಕ್ಸ್ ಚಿಪ್ಪಿಗೆ ನೇರವಾಗಿ ಹೇಳುವುದು. ವಿಂಡೋಸ್ 7ರ ತನಕ ಮೊದಲನೆಯದು ರೂಢಿ. 2012ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 8 ಎರಡನೆಯದನ್ನು ಹಿಡಿಯಿತು. ಲ್ಯಾಪ್‌ಟಾಪ್ ಕಂಪನಿಗಳು ವಿಂಡೋಸಿನಲ್ಲಿ ಪರೀಕ್ಷಿಸಿ ಮಾಲು ಕಳಿಸುವವರು. ವಿಂಡೋಸ್ 8 ಫರ್ಮ್‌ವೇರಿನ ಆ ಭಾಗವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಅಲ್ಲಿ ತಪ್ಪಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಇಲ್ಲಿ ಬರುತ್ತದೆ ಲಿನಕ್ಸಿನ ಸುಳ್ಳು. ಫರ್ಮ್‌ವೇರಿನ ಪ್ರೋಗ್ರಾಮುಗಳು ಶುರುವಿನಲ್ಲೇ ‘ನೀನು ವಿಂಡೋಸ್ 2009 ತಾನೇ’, ‘ವಿಂಡೋಸ್ 2012 ತಾನೇ’ ಎಂದು ವಿಚಾರಿಸುತ್ತವೆ. ಆ ಭಾಷೆಯಲ್ಲಿ ಮೊದಲನೆಯದು ವಿಂಡೋಸ್ 7, ಎರಡನೆಯದು ವಿಂಡೋಸ್ 8. ಲಿನಕ್ಸ್ ಎಲ್ಲಕ್ಕೂ ಹೌದೆನ್ನುತ್ತದೆ. ‘ನೀನು ಲಿನಕ್ಸೇ’ ಎಂದು ಕೇಳಿದರೆ ಅಲ್ಲ ಎನ್ನುತ್ತದೆ. ಕೇಳಲು ಹಾಸ್ಯ, ಆದರೆ ಕಾರಣ ಗಟ್ಟಿ. ‘ಲಿನಕ್ಸ್ ಆದರೆ’ ಎಂಬ ಕವಲಿನಲ್ಲಿ ಬರೆದದ್ದನ್ನು ಹೆಚ್ಚಿನ ಕಂಪನಿಗಳು ಓಡಿಸಿಯೇ ನೋಡಿರುವುದಿಲ್ಲ. ‘ವಿಂಡೋಸ್ ಆದರೆ’ ಎಂಬ ಕವಲನ್ನು ಕಾರ್ಖಾನೆಯಲ್ಲಿ ಓಡಿಸಿ ನೋಡಿರುತ್ತಾರೆ. ಓಡಿಸಿ ನೋಡಿದ ದಾರಿಯಲ್ಲಿ ಹೋಗುವುದೇ ಜಾಣತನ.

ಆದರೆ ವಿಂಡೋಸ್ 8 ಎಂದು ಹೇಳಿಕೊಂಡ ಮೇಲೆ ವಿಂಡೋಸ್ 8ರಂತೆ ನಡೆಯಬೇಕು. ಲಿನಕ್ಸ್ ಹೇಳಿಕೊಂಡಿತು, ನಡೆಯಲಿಲ್ಲ. ಬೆಳಕಿಗೆ ಹಳೆಯ ಅಭ್ಯಾಸದಂತೆ ಫರ್ಮ್‌ವೇರಿನ ಕೈಯನ್ನೇ ಹಿಡಿಯಿತು. ಆ ಕೈಗೆ ಬಲವಿರಲಿಲ್ಲ. ಡೆಸ್ಕ್‌ಟಾಪ್ 70 ಎಂದು ಬರೆಯಿತು, ಫರ್ಮ್‌ವೇರು ಆಗಲಿ ಎಂದಿತು, ಪಟ್ಟಿ 70 ತೋರಿಸಿತು, ಪರದೆಗೆ ಯಾರೂ ಹೇಳಲಿಲ್ಲ. ವಿಂಡೋಸ್ 8 ಬಂದ ನಂತರದ ಕಾಲದಲ್ಲಿ ಲಿನಕ್ಸ್ ಹಾಕಿದ ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಕಂಡದ್ದು ಇದೇ.

ಆ ಕಾಲದಲ್ಲಿ ಜನ ಒಬ್ಬರಿಗೊಬ್ಬರು ಹೇಳಿಕೊಟ್ಟ ಸಾಲುಗಳ ಅರ್ಥ ಈಗ ತಿಳಿಯುತ್ತದೆ. ಒಂದು ಸಾಲು ಕರ್ನೆಲಿಗೆ ‘ವಿಂಡೋಸ್ 2012 ಎಂದು ಮಾತ್ರ ಹೇಳಬೇಡ’ ಎನ್ನುತ್ತಿತ್ತು; ಫರ್ಮ್‌ವೇರು ಹಳೆಯ ಕವಲಿಗೆ ಹೊರಳಿ ಬೆಳಕು ಬರುತ್ತಿತ್ತು, ಬದಲಿಗೆ ಬೇರೇನೋ ಒಂದು ಕೆಡುತ್ತಿತ್ತು. ಇನ್ನೊಂದು ಸಾಲು ‘ಫರ್ಮ್‌ವೇರಿನ ಕೈ ಬಿಡು, ಗ್ರಾಫಿಕ್ಸ್ ಚಿಪ್ಪಿನ ಕೈ ಹಿಡಿ’ ಎನ್ನುತ್ತಿತ್ತು. ರೋಗಕ್ಕೆ ನೇರ ಮದ್ದು ಎರಡನೆಯದು. ಮುಂದೆ ಕರ್ನೆಲ್ ಬರೆಯುವವರು ಅದನ್ನೇ ನಿಯಮ ಮಾಡಿದರು: ಫರ್ಮ್‌ವೇರು ವಿಂಡೋಸ್ 8ರ ಕಾಲದ್ದಾದರೆ ಗ್ರಾಫಿಕ್ಸ್ ಚಿಪ್ಪೇ ಮೊದಲು. ಹೊಸ ಯಂತ್ರಗಳಲ್ಲಿ ಇವತ್ತು ಆ ಸಾಲುಗಳನ್ನು ಸೇರಿಸಬೇಕಾಗಿ ಬರುವುದು ಅಪರೂಪ. ಆದರೂ ಸಲಹೆ ಕೊಡುವವರು ಅಭ್ಯಾಸಬಲದಿಂದ ಕೊಡುತ್ತಲೇ ಇದ್ದಾರೆ.

ಒಂದು ಹೆಜ್ಜೆ ಆಚೆಗೆ

ಮೈಕ್ ಅಡಗಿಸುವ ಕೀಲಿಯ ಪಾಡು ಬೇರೆ. ಇದರ ಸುದ್ದಿ ಕರ್ನೆಲಿಗೆ ಸರಿಯಾಗಿ ಬಂದು, ಸರಿಯಾದ ಗುರುತುಸಂಖ್ಯೆಯನ್ನೂ ಪಡೆದು, ಅಲ್ಲಿಂದ ಮುಂದಕ್ಕೆ ಹೋಗುವಾಗ ಮಾಯವಾಗುತ್ತಿತ್ತು.

ಕರ್ನೆಲಿನ ಮೇಲೆ ಬಹುಕಾಲ ಕೂತಿದ್ದ ಪದರ ಎಕ್ಸ್ ವಿಂಡೋ. ಅದರ 11ನೇ ಆವೃತ್ತಿ ಅಮೆರಿಕದ ಎಂಐಟಿಯಲ್ಲಿ 1987ರಲ್ಲಿ ಸಿದ್ಧವಾಯಿತು. ಕೀಲಿಯ ಸಂಖ್ಯೆಗೆ ಅದು ಒಂದೇ ಬೈಟ್ ಜಾಗ ಇಟ್ಟಿತು, ಅಂದರೆ 255ಕ್ಕಿಂತ ದೊಡ್ಡದನ್ನು ಬರೆಯಲಾಗದು. ಮೊದಲ ಎಂಟು ಸಂಖ್ಯೆಗಳನ್ನು ಬಿಟ್ಟು 8ರಿಂದ ಎಣಿಸುವ ಪದ್ಧತಿಯೂ ಅದರದೇ. ಹೀಗಾಗಿ ಕರ್ನೆಲಿನ ಸಂಖ್ಯೆಗೆ 8 ಕೂಡಿಸಿ ಎಕ್ಸ್‌ಗೆ ಕೊಡಬೇಕು, ಮತ್ತು ಕರ್ನೆಲಿನ 247ರ ತನಕ ಮಾತ್ರ ದಾಟಬಲ್ಲವು. ಮೈಕ್ ಅಡಗಿಸುವುದಕ್ಕೆ ಕರ್ನೆಲ್ ಕೊಟ್ಟ ಸಂಖ್ಯೆ 248. ಎಂಟು ಕೂಡಿಸಿದರೆ 256. ಒಂದೇ ಒಂದು ಹೆಜ್ಜೆ ಆಚೆಗೆ ಬಿತ್ತು.

1987ರವರನ್ನು ಬೈದು ಉಪಯೋಗವಿಲ್ಲ. 255 ಕೀಲಿಗಳಿಗಿಂತ ಹೆಚ್ಚು ಯಾರಿಗೆ ಬೇಕು ಎಂದು ಅವರು ಅಂದುಕೊಂಡಿದ್ದರೆ ತಪ್ಪೇನೂ ಇಲ್ಲ. ಕಂಡುಕೊಂಡ ದಾರಿಯಂತೂ ಚೆಂದ. ಎಫ್12ರ ಆಚೆಗೂ ಎಫ್24ರ ತನಕ ಕೀಲಿಗಳಿಗೆ ಸಂಖ್ಯೆ ಕಾದಿರಿಸಿದೆ. ಐಬಿಎಂನ ದೊಡ್ಡ ಕಂಪ್ಯೂಟರುಗಳ ಟರ್ಮಿನಲ್‌ಗಳಲ್ಲಿ ಇಪ್ಪತ್ತನಾಲ್ಕು ಫಂಕ್ಷನ್ ಕೀಲಿಗಳಿದ್ದ ಕಾಲದ ಪಳೆಯುಳಿಕೆ ಅದು. ಲ್ಯಾಪ್‌ಟಾಪಿನಲ್ಲಿ ಅವು ಇಲ್ಲವಾದ್ದರಿಂದ ಸಂಖ್ಯೆ ಖಾಲಿ ಬಿದ್ದಿವೆ. ಮೈಕ್ ಕೀಲಿ ಒತ್ತಿದಾಗ ‘ಎಫ್20 ಒತ್ತಲಾಯಿತು’ ಎಂದು 190 ಕಳಿಸುವುದು; ಮೇಲಿನ ಪದರದ ಪಟ್ಟಿಯಲ್ಲಿ ಎಫ್20ರ ಹೆಸರನ್ನೇ ‘ಮೈಕ್ ಅಡಗಿಸು’ ಎಂದು ಬರೆದಿಡುವುದು. ಟಚ್‌ಪ್ಯಾಡಿಗೂ ಇದೇ ಗತಿ: ಎಫ್21 ಅದನ್ನು ಬದಲಿಸು, ಎಫ್22 ಹಚ್ಚು, ಎಫ್23 ಆರಿಸು. ಎಕ್ಸ್ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ಗೆ ಈ 255ರ ಕಟ್ಟು ಇಲ್ಲ. ಆದರೆ ಪಟ್ಟಿಗಳು ಹಳೆಯವೇ ಮುಂದುವರಿದಿವೆ.

ಮೈಕ್ ಕೀಲಿಯ ಮೇಲಿನ ಪುಟ್ಟ ದೀಪಕ್ಕೂ ಕೀಲಿಗೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೈಕ್ ನಿಜಕ್ಕೂ ಅಡಗಿದೆ ಎಂದು ಯಾವುದಾದರೂ ಡ್ರೈವರ್ ಆ ದೀಪಕ್ಕೆ ಪ್ರತ್ಯೇಕವಾಗಿ ಹೇಳಬೇಕು. ದೀಪ ಹತ್ತಲಿಲ್ಲವೆಂದು ಮೀಟಿಂಗಿನಲ್ಲಿ ಮೈಕ್ ತೆರೆದಿದೆ ಎಂದುಕೊಳ್ಳಬೇಕಿಲ್ಲ. ಹತ್ತಿದೆ ಎಂದು ನಂಬುವುದೂ ಬೇಡ.

ಎಲ್ಲಿ ನಿಂತಿತು?

ಹುಡುಕುವ ಕ್ರಮ ಈಗ ತಾನಾಗಿಯೇ ಹೊಳೆಯುತ್ತದೆ. ಇವಿಟೆಸ್ಟ್ ಎಂಬ ಪುಟ್ಟ ಪ್ರೋಗ್ರಾಮು ಇದೆ. ಅದನ್ನು ಓಡಿಸಿದರೆ ಕರ್ನೆಲಿಗೆ ಯಾವ ಯಾವ ಕೀಲಿಮಣೆಗಳು ಕಾಣುತ್ತಿವೆ ಎಂಬ ಪಟ್ಟಿ ಬರುತ್ತದೆ. ಮೊದಲ ಸಲ ನೋಡಿದವರು ಬೆಚ್ಚುತ್ತಾರೆ: ಒಂದೇ ಲ್ಯಾಪ್‌ಟಾಪಿಗೆ ನಾಲ್ಕೈದು ಕೀಲಿಮಣೆ! ‘ಎಟಿ ಟ್ರಾನ್ಸ್‌ಲೇಟೆಡ್ ಸೆಟ್ 2 ಕೀಬೋರ್ಡ್’ ಎಂದರೆ 1984ರ ದಾರಿ. ‘ವಿಡಿಯೊ ಬಸ್’ ಎಂದರೆ ಬೆಳಕಿಗಾಗಿ ಎಸಿಪಿಐ ಹಿಡಿದ ದಾರಿ. ‘ಏಸಸ್ ಡಬ್ಲ್ಯುಎಂಐ ಹಾಟ್‌ಕೀಸ್’, ‘ಥಿಂಕ್‌ಪ್ಯಾಡ್ ಎಕ್ಸ್‌ಟ್ರಾ ಬಟನ್ಸ್’ ಎಂಬಂಥವು ಕಂಪನಿಯ ಸ್ವಂತ ದಾರಿ. ಒಂದೊಂದನ್ನೇ ಆರಿಸಿ ಕೀಲಿ ಒತ್ತಿ ನೋಡುವುದು.

ಎಲ್ಲೋ ಒಂದು ಕಡೆ ಸರಿಯಾದ ಹೆಸರೇ ಬಂದರೆ ತೊಡಕು ಮೇಲಿನ ಪದರದ್ದು ಅಥವಾ ಬ್ರೇಕಿನದ್ದು. ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ಆ ಹೆಸರಿಗೆ ಕೆಲಸ ಹಚ್ಚಿದೆಯೇ ನೋಡಬೇಕು. ಎಲ್ಲೂ ಏನೂ ಬರದೆ ಕರ್ನೆಲಿನ ದಿನಚರಿಯಲ್ಲೂ ಸಾಲು ಮೂಡದಿದ್ದರೆ ಕಾವಲು ಚಿಪ್ಪೇ ಬಾಯಿ ಬಿಡುತ್ತಿಲ್ಲ. ಆಗ ಕಂಪನಿಯ ಡ್ರೈವರ್ ಕರ್ನೆಲಿಗೆ ಸೇರಿದೆಯೇ, ಬಯಾಸ್‌ನ ಹೊಸ ಆವೃತ್ತಿ ಬಂದಿದೆಯೇ ಎಂದು ನೋಡುವುದು ಬಿಟ್ಟರೆ ಸಾಮಾನ್ಯರು ಮಾಡಬಹುದಾದದ್ದು ಕಡಿಮೆ.

ಸಂಖ್ಯೆ ಬಂತು, ಹೆಸರಿಲ್ಲ ಎಂದಾದರೆ ಮದ್ದು ಕೈಯಲ್ಲೇ ಇದೆ. ಯುಡೆವ್ ಎಂಬ ವ್ಯವಸ್ಥೆ ಲ್ಯಾಪ್‌ಟಾಪುಗಳ ಒಂದು ದೊಡ್ಡ ದಫ್ತರ ಇಟ್ಟುಕೊಂಡಿದೆ. ಅದರಲ್ಲಿ ಇಂತಿಂಥ ಕಂಪನಿಯ ಇಂತಿಂಥ ಮಾದರಿಯಾದರೆ ಈ ಒತ್ತುಸಂಖ್ಯೆಗೆ ಈ ಅರ್ಥ ಎಂದು ಸಾಲು ಸಾಲು ಬರೆದಿದೆ. ಯಂತ್ರ ಶುರುವಾದಾಗ ಯುಡೆವ್ ಮದರ್‌ಬೋರ್ಡಿನಲ್ಲಿ ಬರೆದಿರುವ ಕಂಪನಿ, ಮಾದರಿಗಳ ಹೆಸರನ್ನು ಓದಿ, ತಾಳೆಯಾದ ಸಾಲುಗಳನ್ನು ಕರ್ನೆಲಿಗೆ ಒಪ್ಪಿಸುತ್ತದೆ. ನಿಮ್ಮ ಮಾದರಿಯ ಸಾಲು ಇಲ್ಲದಿದ್ದರೆ ಅದೇ ಬಗೆಯ ಇನ್ನೊಂದು ಪುಟ್ಟ ಕಡತದಲ್ಲಿ ನೀವೇ ಬರೆದುಕೊಳ್ಳಬಹುದು. ಕೀಲಿ ನಡೆದ ಮೇಲೆ ಆ ಸಾಲನ್ನು ಮೂಲ ದಫ್ತರಕ್ಕೂ ಕಳಿಸಬಹುದು. ಈಗಿರುವ ಬಹಳಷ್ಟು ಸಾಲುಗಳು ಹಾಗೆ ಬಂದವೇ.

ಆ ದಫ್ತರದಲ್ಲಿ ಅಲ್ಲಲ್ಲಿ ಹೆಸರಿನ ಹಿಂದೆ ಆಶ್ಚರ್ಯಚಿಹ್ನೆ ಕಾಣುತ್ತದೆ. ಬಿಟ್ಟ ಸುದ್ದಿಯ ವಿಷಯ ಹೇಳುತ್ತೇನೆಂದಿದ್ದೆನಲ್ಲ, ಇದು ಅದೇ. ಕೆಲವು ಕಾವಲು ಚಿಪ್ಪುಗಳು ಕೀಲಿ ಒತ್ತಿದ್ದನ್ನು ಹೇಳುತ್ತವೆ, ಬಿಟ್ಟದ್ದನ್ನು ಹೇಳುವುದಿಲ್ಲ. ಬಿಟ್ಟ ಸುದ್ದಿ ಬರುವ ತನಕ ಬೆರಳು ಕೀಲಿಯ ಮೇಲೇ ಇದೆ ಎಂದು ಲಿನಕ್ಸ್ ನಂಬುತ್ತದೆ. ಬೆಳಕು ಒಂದು ಮೆಟ್ಟಿಲು ಇಳಿಸಲು ಹೋದವರ ಪರದೆ ತಾನಾಗಿಯೇ ಇಳಿಯುತ್ತ ಇಳಿಯುತ್ತ ಕತ್ತಲಾಗುತ್ತದೆ. ಆಶ್ಚರ್ಯಚಿಹ್ನೆ ಕಂಡರೆ ಕರ್ನೆಲ್ ಒತ್ತಿದ ಸುದ್ದಿಯ ಬೆನ್ನಿಗೇ ಬಿಟ್ಟ ಸುದ್ದಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಹೊಸ ಕೀಲಿ, ಹಳೆಯ ಸಂಖ್ಯೆ

2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಲ್ಯಾಪ್‌ಟಾಪುಗಳಿಗೆ ಕೋಪೈಲಟ್ ಎಂಬ ಹೊಸ ಕೀಲಿ ಘೋಷಿಸಿತು. ಹಲವು ಮಾದರಿಗಳಲ್ಲಿ ಅದು ಬಲಗಡೆಯ ಕಂಟ್ರೋಲ್ ಕೀಲಿಯ ಜಾಗವನ್ನೇ ತೆಗೆದುಕೊಂಡಿತು. ಹೊಸ ಕೀಲಿಗೆ ಹೊಸ ಸಂಖ್ಯೆ ಇರಬೇಕೆಂದು ಹುಡುಕಿದವರಿಗೆ ಸಿಕ್ಕದ್ದು ಬೇರೆ. ಅದನ್ನು ಒಮ್ಮೆ ಒತ್ತಿದರೆ ಎಡಗಡೆಯ ಶಿಫ್ಟ್, ವಿಂಡೋಸ್ ಕೀಲಿ ಮತ್ತು ಎಫ್23, ಮೂರನ್ನೂ ಯಾರೋ ಒಟ್ಟಿಗೆ ಒತ್ತಿದಂತೆ ಸುದ್ದಿ ಬರುತ್ತದೆ. ಹೊಸ ಸಂಖ್ಯೆಗೆ ಎಲ್ಲರನ್ನೂ ಒಪ್ಪಿಸುವ ಗೋಜಿಗೆ ಹೋಗದೆ, ಯಾರೂ ಬಳಸದ ಹಳೆಯ ಕೀಲಿಯೊಂದನ್ನು ಎತ್ತಿಕೊಂಡರು. ಮೈಕ್ ಕೀಲಿಗೆ ಲಿನಕ್ಸಿನವರು ಮಾಡಿದ್ದೂ ಇದನ್ನೇ.

ಆದರೆ ಎಫ್23ರ ಮೇಲೆ ಲಿನಕ್ಸಿನ ಕಡೆ ಆಗಲೇ ‘ಟಚ್‌ಪ್ಯಾಡ್ ಆರಿಸು’ ಎಂಬ ಹೆಸರು ಕೂತಿತ್ತು. ಕೋಪೈಲಟ್ ಕೀಲಿಯ ಜಾಗದಲ್ಲಿ ಹಳೆಯ ಕಂಟ್ರೋಲ್ ಕೀಲಿಯೇ ಬೇಕು ಎನ್ನುವವರೂ ಬರಿಯ ಒಂದು ಸಂಖ್ಯೆ ಬದಲಿಸಿ ಪಾರಾಗುವಂತಿಲ್ಲ. ಶಿಫ್ಟನ್ನು ಬದಲಿಸಿದರೆ ನಿಜವಾದ ಶಿಫ್ಟ್ ಕೆಡುತ್ತದೆ. ಮೂರೂ ಒಟ್ಟಿಗೆ ಬಂದಾಗ ಮಾತ್ರ ಹಿಡಿದು ಅವುಗಳ ಜಾಗದಲ್ಲಿ ಕಂಟ್ರೋಲ್ ಇಡುವ ಪ್ರೋಗ್ರಾಮು ಬೇಕು. ಕೀಡಿ ಎಂಬುದು ಆ ಕೆಲಸ ಮಾಡುತ್ತದೆ. ಅದು ಕರ್ನೆಲಿನ ಸಂಖ್ಯೆಗೂ ಮೇಲಿನ ಪದರದ ಹೆಸರಿಗೂ ನಡುವೆ ಕೂರುವುದರಿಂದ ಎಕ್ಸ್ ಇರಲಿ, ವೇಲ್ಯಾಂಡ್ ಇರಲಿ, ಒಂದೇ ಸೆಟ್ಟಿಂಗ್ ಸಾಕು.